ಮಾವನ ಬೈಕಿನಲ್ಲಿ ಹಾನಗಲ್‌ನಿಂದ ಅಘನಾಶಿನಿಗೆ

ಐದು ದಿನ ರಜೆ ಒಟ್ಟಿಗೇ ಸಿಕ್ಕಿತ್ತು. ಆಫೀಸಿನವರೆಲ್ಲ ಗೋವಾ ಅಂದರು. ನಾನು ಹಾನಗಲ್ ಹತ್ತಿರದ ಮಾವನ ಊರಿಗೆ ಬಸ್ಸು ಹತ್ತಿದೆ. ಕುಸನೂರು, ಸಾಲ್ಕಣಿ, ಬೇಡ್ತಿ, ಕೈಗಾ ಅನ್ನುವ ಹೆಸರುಗಳನ್ನು ಚಿಕ್ಕಂದಿನಿಂದ ಕೇಳಿದ್ದೆ. ಎಲ್ಲವನ್ನೂ ‘ಪರಿಸರ ಚಳವಳಿ’ ಅಂತ ಒಂದೇ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿಟ್ಟಿದ್ದೆ. ಒಂದು ದಿನ ಸುಮ್ನೆ ಮ್ಯಾಪ್ ನೋಡುವಾಗ ಗೊತ್ತಾಯಿತು, ಎಲ್ಲಾ ಒಂದೇ ಬೈಕಿನ ದಾರಿಯಲ್ಲಿವೆ. ಬೈಕು ಮಾವನ ಹತ್ತಿರ ಇತ್ತು.

ಮೊದಲ ದಿನ: ಹಾನಗಲ್ ಕಡೆ

ಮಾವ ರಿಟೈರ್ಡ್ ಪ್ರೈಮರಿ ಮೇಷ್ಟ್ರು. ನಾನು ಹೋದಾಗ ಕಟ್ಟೆ ಮೇಲೆ ಕೂತು ಹಳೇ ಪೇಪರ್ ಓದುತ್ತಿದ್ದರು. ಸಾಲುಮರದ ತಿಮ್ಮಕ್ಕ 2025ರ ನವೆಂಬರ್ 14ರಂದು ತೀರಿಕೊಂಡ ಸುದ್ದಿಯ ಪೇಪರ್ ಅದು. ಹತ್ತು ದಿನ ಆಗಿದ್ದರೂ ಮಡಚಿ ಇಟ್ಟುಕೊಂಡಿದ್ದರು.

‘ತಾರೀಖು ನೋಡಿದೇನು?’ ಅಂದರು. ‘ಕುಸನೂರಿಗೆ ನಾವು ಹೋಗಿದ್ದೂ ನವೆಂಬರ್ ಹದಿನಾಲ್ಕಕ್ಕ. ಎಂಬತ್ತೇಳನೇ ಇಸ್ವಿ.’

ಆಮೇಲೆ ನಾನು ಕೇಳುವುದೇ ಬೇಡವಾಯಿತು. ಚಹಾ ಎರಡು ಸಲ ಬಂತು, ಎರಡೂ ಸಲ ಆರಿಹೋಯಿತು.

ಆಗ ಹಾವೇರಿ ಜಿಲ್ಲೆ ಇರಲಿಲ್ಲ, ಇದೆಲ್ಲ ಧಾರವಾಡ ಜಿಲ್ಲೆ. 1984ರಲ್ಲಿ ಸರ್ಕಾರ ಒಂದು ಖಾಸಗಿ ಕಂಪನಿಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅನ್ನುವ ಜಂಟಿ ಕಂಪನಿ ಮಾಡಿತು. ಸುಮಾರು 30 ಸಾವಿರ ಹೆಕ್ಟೇರ್ ಸಿ ಆಂಡ್ ಡಿ ಜಮೀನಿನಲ್ಲಿ ನೀಲಗಿರಿ ಮತ್ತಿತರ ಮರ ಬೆಳೆಸಿ ಕಾರ್ಖಾನೆಗೆ ತಿರುಳು ಕೊಡುವುದು ಅದರ ಕೆಲಸ. ಸಿ ಆಂಡ್ ಡಿ ಅನ್ನುವುದು ಕಾಗದದ ಮೇಲಿನ ಹೆಸರು. ಊರವರಿಗೆ ಅದು ದನ ಬಿಡುವ ಜಾಗ, ಸೌದೆ ಆರಿಸುವ ಜಾಗ, ಬಾರಿಗಿಡದ ಹಣ್ಣಿನ ಜಾಗ. ಕಾಗದದಲ್ಲಿ ಪಾಳು, ಹೊಟ್ಟೆಗೆ ಬೇಕಾದ ನೆಲ.

‘ಕಿತ್ತಿಕೋ ಹಚ್ಚಿಕೋ ಅಂತ ಹೆಸರು ಇಟ್ಟಿದ್ವಿ’ ಅಂದರು ಮಾವ. ನಮ್ಮ ಕಡೆ ಹಚ್ಚುವುದು ಅಂದರೆ ಸಸಿ ನೆಡುವುದು. ಮೊದಲೇ ಸರ್ಕಾರಕ್ಕೆ ತಿಳಿಸಿ, ಕುಸನೂರಿನಲ್ಲಿ ಪೊಲೀಸರು ನೋಡುತ್ತಿರುವಾಗಲೇ ನೀಲಗಿರಿ ಸಸಿ ಕಿತ್ತು, ಅದೇ ಜಾಗದಲ್ಲಿ ಜನಕ್ಕೆ ಉಪಯೋಗದ ಸಸಿ ನೆಟ್ಟರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರ ಮುಂದಾಳತ್ವ. ಇನ್ನೊಂದು ಕೈಯಲ್ಲಿ ಸುಪ್ರೀಂ ಕೋರ್ಟ್ ಕೇಸು, ಅದರಲ್ಲಿ ಮೊದಲ ಅರ್ಜಿದಾರರು ಶಿವರಾಮ ಕಾರಂತರು. ಹೊಲದಲ್ಲಿ ಸಸಿ, ದಿಲ್ಲಿಯಲ್ಲಿ ಫೈಲು. 1991ರಲ್ಲಿ ಆ ಕಂಪನಿ ಮುಚ್ಚಿತು.

‘ನೀವೂ ಕಿತ್ತಿರಾ ಮಾವ?’

‘ಕಿತ್ತೆ. ನೌಕರಿ ಹೊಸದು, ಹೆದರಿಕಿ ಇತ್ತು. ಹಿಂದಿನ ಸಾಲಿನಾಗ ನಿಂತು ಒಂದು ಕಿತ್ತೆ.’ ಆ ಒಂದು ಎಷ್ಟುದ್ದ ಇತ್ತು ಅಂತ ಮೊಣಕೈಯಿಂದ ಬೆರಳ ತುದಿವರೆಗೆ ಅಳೆದು ತೋರಿಸಿದರು. ‘ಬೇರು ಸಡಲ ಮಣ್ಣಾಗಿತ್ತು, ಸರಾಗ ಬಂತು. ನಾ ಅದಕ್ಕ ಅಷ್ಟು ಬಲ ಹಾಕಿದ್ನೆಲ್ಲ, ಹಿಂದಕ್ಕ ಬಿದ್ದೆ.’

ಸಂಜೆ ಮಾವನ ಊರಿನ ಗೋಮಾಳ ನೋಡಲು ಹೋದೆವು. ಆಗ ಈ ಜಾಗಕ್ಕೂ ನೀಲಗಿರಿ ಬರುತ್ತೆ ಅಂತ ಊರವರು ಹೆದರಿದ್ದರಂತೆ. ಈಗ ಗೋವಿನಜೋಳ ಕಟಾವಾಗಿ ಕೂಳೆ ನಿಂತಿತ್ತು. ಅಂಚಿನವರೆಗೂ ಉತ್ತಿದ್ದಾರೆ. ಮೂಲೆಯಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ಒಂದು ಕರೆಮ್ಮನ ಕಲ್ಲು. ಅಷ್ಟೇ ಉಳಿದಿದೆ.

‘ಕಂಪನಿ ಕೈಯಿಂದ ಉಳಿಸಿದ್ವಿ’ ಅಂದರು ಮಾವ. ಮುಂದಿನದ್ದು ಹೇಳಲಿಲ್ಲ. ಮನೆಗೆ ಬರುವಾಗ ಬೇರೆ ವಿಷಯ ತೆಗೆದರು. ಬೇಡ್ತಿ ನದಿಯ ನೀರನ್ನು ವರದಾ ನದಿಗೆ ತಿರುಗಿಸುವ ಯೋಜನೆ ಇದೆಯಲ್ಲ, ಅದು ನಮ್ಮ ಕಡೆಯವರಿಗೆ ಬೇಕು. ಘಟ್ಟದವರು ಬೇಡ ಅನ್ನುತ್ತಾರೆ. ‘ನಾಳೆ ಶಿರಸಿಗೆ ಹೊಂಟೀಯಲ್ಲ, ಯಾಕ ಕೊಡಂಗಿಲ್ಲ ಅಂತ ಕೇಳ್ಕೊಂಡ ಬಾ. ಅಷ್ಟು ನೀರು ಸಮುದ್ರಕ್ಕ ಹೋಗತೈತಿ.’

ಸಸಿ ಕಿತ್ತ ಮನುಷ್ಯ ಹೀಗೆ ಕೇಳುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಆದರೆ ಬೋರ್‌ವೆಲ್ ಎರಡು ಸಲ ಫೇಲಾದ ಮನುಷ್ಯ ಇನ್ನೇನು ಕೇಳಬೇಕು?

ಎರಡನೇ ದಿನ: ಸಾಲ್ಕಣಿ

ಎಕ್ಕಂಬಿ ದಾಟಿದ ಮೇಲೆ ಗಾಳಿಯೇ ಬೇರೆ. ಶರ್ಟಿನ ತೋಳು ಇಳಿಸಿಕೊಂಡೆ. ಶಿರಸಿಯಲ್ಲಿ ದೋಸೆ, ಜೋನಿಬೆಲ್ಲ. ಅಲ್ಲಿಂದ ಸಾಲ್ಕಣಿ ಕಡೆ ಸಣ್ಣ ರಸ್ತೆ, ತಿರುವು ಜಾಸ್ತಿ.

ಸ್ಮಾರಕ, ಕಮಾನು ಏನಾದರೂ ಇರಬಹುದು ಅಂತ ಹುಡುಕುತ್ತಾ ಹೋದೆ. ನನಗಂತೂ ಯಾವುದೂ ಕಣ್ಣಿಗೆ ಬೀಳಲಿಲ್ಲ. ಮನೆ, ಅಂಗಳ, ಅಂಗಳದಲ್ಲಿ ಅಡಿಕೆ, ಮತ್ತೆ ಮನೆ. ಗೆಳೆಯನ ಸಂಬಂಧಿಕರ ಮನೆಯಲ್ಲಿ ಉಳಿಯುವುದು ಅಂತ ಮಾತಾಗಿತ್ತು. ಅವರ ಮನೆ ಊರಿನಿಂದ ಇನ್ನೂ ಸ್ವಲ್ಪ ಆಚೆ. ಅಡಿಕೆ ಕೊಯ್ಲಿನ ದಿನ, ಅತಿಥಿ ಬರುವ ಹೊತ್ತಲ್ಲ. ಆದರೂ ಯಜಮಾನರು ಬಾಳೆಎಲೆ ಹಾಕಿ ಊಟಕ್ಕೆ ಕೂರಿಸಿದರು. ತಂಬುಳಿ ಮೂರು ಸಲ ಹಾಕಿಸಿಕೊಂಡೆ.

1983ರಲ್ಲಿ ಅವರು ಹೈಸ್ಕೂಲು ಹುಡುಗ. ಸೆಪ್ಟೆಂಬರ್ 8ರಂದು ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಕಾಡಿಗೆ ನಡೆದರು. ಪ್ಲೈವುಡ್‌ಗೆ ಅಂತ ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡು ನಿಂತರು. 38 ದಿನ ಹೀಗೇ ನಡೆಯಿತು. ಕೊಡಲಿಯವರು ವಾಪಸ್ ಹೋದರು, ಕಡಿಯುವ ಆದೇಶ ನಿಂತಿತು.

‘ಸೆಪ್ಟೆಂಬರ್ ಅಂದರೆ ಗೊತ್ತಲ್ಲ ಮಾರಾಯ, ಮಳೆ. ಉಂಬಳ!’ ಅಂದರು ಯಜಮಾನರು. ಉಂಬಳ ಅಂದರೆ ಜಿಗಣೆ. ‘ಮರ ಅಪ್ಪಿಕೊಂಡು ನಿಂತರೆ ಉಂಬಳ ಹತ್ತುತ್ತಿದ್ದವು. ಸುಣ್ಣ-ತಂಬಾಕಿನ ಗಂಟು ಒಬ್ಬರಿಂದ ಒಬ್ಬರಿಗೆ ಹೋಗ್ತಿತ್ತು. ಪೇಪರಿನವರು ಅದನ್ನೆಲ್ಲ ಬರೆಯಲಿಲ್ಲ.’

ಹಿಮಾಲಯದ ರೇಣಿ ಗ್ರಾಮದಲ್ಲಿ ಗೌರಾದೇವಿ ಮತ್ತು ಜೊತೆಯ ಹೆಂಗಸರು 1974ರ ಮಾರ್ಚ್ 26ರಂದು ಮರ ಕಡಿಯುವವರನ್ನು ತಡೆದ ಕತೆ ಅಷ್ಟು ಹೊತ್ತಿಗೆ ಇಲ್ಲಿಗೂ ಬಂದಿತ್ತು. ಆ ಚಿಪ್ಕೋ ಚಳವಳಿಯ ಸುಂದರಲಾಲ್ ಬಹುಗುಣ ಈ ಸೀಮೆಗೆ ಬಂದು ಮಾತಾಡಿದ್ದರು. ಇಲ್ಲಿನ ಚಳವಳಿಯ ಮುಂದಾಳು ಪಾಂಡುರಂಗ ಹೆಗಡೆಯವರು ಚಿಪ್ಕೋದಲ್ಲಿ ಓಡಾಡಿ ಬಂದವರು. ಅಲ್ಲಿ ಚಿಪ್ಕೋ, ಅಂದರೆ ಅಂಟಿಕೋ. ಇಲ್ಲಿ ಅಪ್ಪಿಕೋ. ನನಗೆ ಕನ್ನಡದ್ದೇ ಜಾಸ್ತಿ ಇಷ್ಟ. ಅಂಟಿಕೊಳ್ಳಲು ಗೋಂದೂ ಸಾಕು, ಅಪ್ಪಿಕೊಳ್ಳಲು ತೋಳು ಬೇಕು.

ಆದರೆ ಯಜಮಾನರು ಒತ್ತಿ ಹೇಳಿದ್ದು ಅಪ್ಪುಗೆಯನ್ನಲ್ಲ, ಅದರ ಜೊತೆಗಿದ್ದ ಮೂರು ಮಾತನ್ನು: ಉಳಿಸು, ಬೆಳೆಸು, ಬಳಸು. ಮೂರನೆಯದು ನನಗೆ ಹೊಸದು. ಬಳಸಬೇಡ ಅಂತ ಇವರು ಯಾವತ್ತೂ ಹೇಳಿಲ್ಲ. ಅಡಿಕೆ ತೋಟ ನಿಂತಿರುವುದೇ ಕಾಡಿನ ಸೊಪ್ಪು, ದರಕಿನ ಮೇಲೆ. ಅದಕ್ಕೇ ಸೊಪ್ಪಿನಬೆಟ್ಟ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಳಸುವ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ.

ಊಟ ಆದ ಮೇಲೆ ಹಿಂದಿನ ಬೆಟ್ಟಕ್ಕೆ ಕರೆದುಕೊಂಡು ಹೋದರು. ಒಂದು ಮತ್ತಿ ಮರ ತೋರಿಸಿದರು. ಮೈಯೆಲ್ಲ ಮೊಸಳೆ ಚರ್ಮದ ಹಾಗೆ ಬಿರುಕು. ಕೊಂಬೆಗಳನ್ನು ಗೇಣುದ್ದ ಬಿಟ್ಟು ಕಡಿದಿದ್ದರು, ಕಡಿದಲ್ಲೆಲ್ಲ ಗೊಂಚಲು ಚಿಗುರು. ‘ವರ್ಷ ಬಿಟ್ಟು ವರ್ಷ ಕಡಿಯಬೇಕು. ತುದಿ ಮುಟ್ಟಬಾರದು. ತುದಿ ಕಡಿದರೆ ಮರಕ್ಕೆ ಸಿಟ್ಟು ಬರುತ್ತದೆ ಅಂತ ಅಪ್ಪ ಹೇಳ್ತಿದ್ದ.’ ಎರಡು ಹೆಜ್ಜೆ ಆಚೆ ಪಕ್ಕದವರ ಬೆಟ್ಟ. ಅಲ್ಲಿ ಮರಗಳು ಕಂಬದ ಹಾಗೆ ಬೋಳಾಗಿ ನಿಂತಿದ್ದವು. ಅವರು ನೋಡಿದರು, ನಾನೂ ನೋಡಿದೆ, ಇಬ್ಬರೂ ಏನೂ ಹೇಳಲಿಲ್ಲ.

ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿತ. ಸಾಲಾಗಿ ಮೆಟ್ಟುಗತ್ತಿ, ಅದರ ಮಣೆ ಮೇಲೆ ಕಾಲು ಮಡಚಿ ಕೂತ ಹೆಂಗಸರು. ಕಾಯಿಯನ್ನು ಕತ್ತಿಯ ಅಲಗಿಗೆ ಒತ್ತಿ ಒಂದು ತಿರುವು, ಸಿಪ್ಪೆ ಆಚೆ, ಅಡಿಕೆ ಬುಟ್ಟಿಗೆ. ಕತ್ತಿ ನೋಡುವುದೇ ಇಲ್ಲ, ಟಿವಿ ನೋಡುತ್ತಾರೆ. ನಾನು ಒಂದು ಪ್ರಯತ್ನಿಸಿ ಹೆಬ್ಬೆರಳು ಕೊಯ್ದುಕೊಂಡೆ. ಪಕ್ಕದಲ್ಲಿದ್ದ ಅಮ್ಮ ನಗುತ್ತಾ ಅರಿಸಿನ ತಂದು ಹಚ್ಚಿದರು. ಆಗ ನೀವೂ ಅಪ್ಪಿಕೋಗೆ ಹೋಗಿದ್ರಾ ಅಂತ ಕೇಳಿದೆ.

‘ಹೋಗಿದ್ದೆ. ಕರೆದರು, ಹೋದೆ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ನಮಗೆ ತೋಟವೂ ಇಲ್ಲ, ಬೆಟ್ಟವೂ ಇಲ್ಲ. ಸೌದೆಗೆ ಹೋದರೆ ಗಾರ್ಡು ಹಿಡಿಯೋದು ನಮ್ಮನ್ನೇ’ ಅಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಬುಟ್ಟಿ ತುಂಬಿತ್ತು, ಅಳೆಸಲು ಎದ್ದರು.

ಆಮೇಲೆ ಪಶ್ಚಿಮ ಘಟ್ಟದ ಕಾಡಿನಲ್ಲಿ ಹಸಿ ಮರ ಕಡಿಯುವುದಕ್ಕೆ ಸರ್ಕಾರ ತಡೆ ಹಾಕಿತು. ಅದು ಅಪ್ಪಿಕೋದ ದೊಡ್ಡ ಗೆಲುವು, ಅದರಲ್ಲಿ ಅನುಮಾನ ಇಲ್ಲ. ಆದರೆ ಉಳಿಸು, ಬೆಳೆಸು, ಬಳಸು ಅನ್ನುವಾಗ ಯಾರು ಬಳಸುವುದು ಅನ್ನುವ ಪ್ರಶ್ನೆಯನ್ನು ನನಗೆ ಕೇಳಿದ್ದು ಆ ಮೆಟ್ಟುಗತ್ತಿಯ ಅಮ್ಮ ಮಾತ್ರ.

ಮೂರನೇ ದಿನ: ಬೇಡ್ತಿ

ಬೆಳಿಗ್ಗೆ ಹೊರಡುವ ಮೊದಲು ಮಾವನ ಪ್ರಶ್ನೆ ಕೇಳಿಯೇಬಿಟ್ಟೆ. ಯಜಮಾನರು ಕವಳ ಹಾಕುತ್ತಿದ್ದರು. ಎಲೆಗೆ ಸುಣ್ಣ ಸವರುವುದು ಮುಗಿಯುವವರೆಗೂ ಮಾತಾಡಲಿಲ್ಲ.

‘ನಿಮ್ಮ ಮಾವನಿಗೆ ನನ್ನದೊಂದು ಪ್ರಶ್ನೆ ತಗೊಂಡು ಹೋಗು. ಹಾನಗಲ್ ಸೀಮೆ ತುಂಬ ಕೆರೆ ಇದ್ದವಲ್ಲ, ಅವು ಎಂತ ಆದವು ಅಂತ.’

ಸರಿ, ಎರಡೂ ಕಡೆಯ ಪೋಸ್ಟ್‌ಮ್ಯಾನ್ ಆದೆ.

ಬೇಡ್ತಿಯ ಜಗಳ ಇವತ್ತಿನದಲ್ಲ. ಮೊದಲು ಇಲ್ಲಿ ವಿದ್ಯುತ್ ಯೋಜನೆಗೆ ಅಣೆಕಟ್ಟು ಕಟ್ಟುವ ಮಾತಿತ್ತು. ಆಗ ಅದನ್ನು ಎದುರಿಸಿದ ರೀತಿ ನನಗೆ ಬಹಳ ಹಿಡಿಸಿತು. ಯಾರೂ ಏನನ್ನೂ ಅಪ್ಪಿಕೊಳ್ಳಲಿಲ್ಲ, ಲೆಕ್ಕ ಹಾಕಿದರು! ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ, ಅಂದರೆ ಅಡಿಕೆ ಮಾರುವ ಟಿಎಸ್‌ಎಸ್, 1980ರ ದಶಕದ ಆರಂಭದಲ್ಲಿ ವಿಜ್ಞಾನಿಗಳನ್ನು ಕರೆಸಿ ವಿಚಾರ ಸಂಕಿರಣ ಮಾಡಿತು. ಮಾಧವ ಗಾಡ್ಗೀಳರಂಥವರು ಬಂದರು. ಎಷ್ಟು ತೋಟ ಮುಳುಗುತ್ತೆ, ಎಷ್ಟು ಕಾಡು ಹೋಗುತ್ತೆ, ಅದರ ಬೆಲೆ ಎಷ್ಟು, ಸಿಗುವ ಕರೆಂಟು ಎಷ್ಟು ಅಂತ ಸರ್ಕಾರದ ಲೆಕ್ಕಕ್ಕೆ ತಮ್ಮ ಲೆಕ್ಕ ಎದುರಿಟ್ಟರು. ಯೋಜನೆ ನಿಂತಿತು. ಅಡಿಕೆ ವ್ಯಾಪಾರ ಗೊತ್ತಿದ್ದವರಿಗೆ ಲಾಭ-ನಷ್ಟ ಬರೆಯುವುದು ಯಾರೂ ಹೇಳಿಕೊಡಬೇಕಾಗಿರಲಿಲ್ಲ ಅನಿಸುತ್ತೆ.

ಈಗಿನ ಬೇಡ್ತಿ–ವರದಾ ಜೋಡಣೆಯ ವಿರುದ್ಧ ನಿಂತಿರುವವರಲ್ಲಿ ಸೋಂದಾ ಸ್ವರ್ಣವಲ್ಲಿ ಮಠದ ಸ್ವಾಮೀಜಿ ಮುಂದಿದ್ದಾರೆ. ಬೇಡ್ತಿ–ಅಘನಾಶಿನಿ ಕೊಳ್ಳ ಸಂರಕ್ಷಣಾ ಸಮಿತಿ ಇದೆ. ಪಾದಯಾತ್ರೆ, ಸಭೆ, ವಿಜ್ಞಾನಿಗಳ ವರದಿ ಎಲ್ಲಾ ಒಂದೇ ವೇದಿಕೆಯಲ್ಲಿ. ಮಠ ಇರುವುದರಿಂದ ಜನ ಸೇರುತ್ತಾರೆ. ಮಠದ ಹೊರಗಿನವರು ಎಷ್ಟು ಸೇರುತ್ತಾರೆ ಅಂತ ನನಗೊಂದು ಕುತೂಹಲ ಉಳಿಯಿತು.

ಮಾಗೋಡು ಜಲಪಾತದ ಎದುರಿನ ಕಟ್ಟೆಯಲ್ಲಿ ಒಂದು ಗಂಟೆ ಕೂತೆ. ಇದೇ ಬೇಡ್ತಿ. ಹುಟ್ಟುವುದು ಬಯಲುಸೀಮೆ ಕಡೆ, ಹುಬ್ಬಳ್ಳಿ-ಧಾರವಾಡದ ಹತ್ತಿರ. ಕೆಳಗೆ ಅಂಕೋಲಾ ಕಡೆ ಹೋದರೆ ಇದರ ಹೆಸರೇ ಗಂಗಾವಳಿ. ‘ಅಷ್ಟು ನೀರು’ ಅಂದಿದ್ದರು ಮಾವ. ನವೆಂಬರ್ ಕೊನೆಯಲ್ಲಿ ನೀರು ಎರಡು ಎಳೆಯಾಗಿ ಬಂಡೆ ಮೇಲೆ ಇಳಿಯುತ್ತಿತ್ತು. ಫೋಟೋ ತೆಗೆದು ಮಾವನಿಗೆ ಕಳಿಸಿದೆ. ನೆಟ್‌ವರ್ಕ್ ಇಲ್ಲದೆ ಹೋಗಲಿಲ್ಲ.

ರಾತ್ರಿ ಯಲ್ಲಾಪುರದ ಲಾಡ್ಜ್. ಹೇಳುವಂಥದ್ದೇನಿಲ್ಲ. ಸೊಳ್ಳೆ.

ನಾಲ್ಕನೇ ದಿನ: ಕೈಗಾ

ಮಾವನ ಬೈಕಿನ ಪೆಟ್ರೋಲ್ ಮುಳ್ಳು ಯಾವಾಗಲೂ ಅರ್ಧಕ್ಕೇ ನಿಂತಿರುತ್ತದೆ. ಅದನ್ನು ನನಗೆ ಹೇಳಲು ಮರೆತಿದ್ದರು. ಕೈಗಾ ದಾರಿಯಲ್ಲಿ, ಕಾಡಿನ ಮಧ್ಯೆ, ಬೈಕು ನಿಂತಿತು. ಪರಿಸರದ ಪ್ರವಾಸಕ್ಕೆ ಹೊರಟವನು ಪೆಟ್ರೋಲಿಗಾಗಿ ಮುಕ್ಕಾಲು ಗಂಟೆ ರಸ್ತೆ ಬದಿ ಕೂತೆ. ಕೊನೆಗೆ ಒಬ್ಬ ಲಾರಿಯವನು ಹಗ್ಗ ಕಟ್ಟಿ ಎಳೆದು ಒಂದು ಗೂಡಂಗಡಿ ತಲುಪಿಸಿದ. ಅಲ್ಲಿ ಕೋಕ್ ಬಾಟಲಿಯಲ್ಲಿ ಪೆಟ್ರೋಲ್ ಇತ್ತು. ರೇಟು ಕೇಳಬೇಡಿ.

ಅಂಗಡಿಯವನ ಮನೆ ಮೊದಲು ಕಾಳಿ ದಂಡೆಯಲ್ಲಿತ್ತು, ಕದ್ರಾ ಅಣೆಕಟ್ಟಿನಲ್ಲಿ ಮುಳುಗಿತು. ಈಗ ಅವನ ತಮ್ಮ ಕೈಗಾ ಅಣುಸ್ಥಾವರದಲ್ಲಿ ಕಾಂಟ್ರಾಕ್ಟ್ ಕೆಲಸ ಮಾಡುತ್ತಾನೆ. ‘ಬೇಡ ಅಂತ ನಮ್ಮಪ್ಪ ಮೆರವಣಿಗೆ ಹೋಗಿದ್ದ. ತಮ್ಮ ಅದರಲ್ಲೇ ಊಟ ಮಾಡ್ತಾನೆ’ ಅಂದ. ಇದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗಲಿಲ್ಲ.

ಅಣುಸ್ಥಾವರ ದೂರದಿಂದಲೇ ಕಾಣುತ್ತದೆ. ಹಸಿರು ಬೆಟ್ಟಗಳ ನಡುವೆ ಬೂದು ಬಣ್ಣದ ಗುಂಬಜುಗಳು, ನೋಟು ಪುಸ್ತಕದ ಚಿತ್ರದ ಮೇಲೆ ಯಾರೋ ಬೋರಲು ಬಟ್ಟಲು ಇಟ್ಟ ಹಾಗೆ. ಹತ್ತಿರ ನಿಲ್ಲಲು ಬಿಡುವುದಿಲ್ಲ, ಫೋಟೋ ಅಂತೂ ಕೇಳಲೇಬೇಡಿ.

ಇಲ್ಲಿ ಚಳವಳಿ ಹಿಡಿದ ದಾರಿ ಇನ್ನೊಂದು. 1989ರಲ್ಲಿ ಶಿವರಾಮ ಕಾರಂತರು ಕೈಗಾ ವಿರೋಧಿಸಿ ಈ ಕ್ಷೇತ್ರದಿಂದ ಲೋಕಸಭೆ ಚುನಾವಣೆಗೆ ನಿಂತರು. ಆಗ ಅವರಿಗೆ 87. ಸೋತರು. 1994ರಲ್ಲಿ ಕಟ್ಟುತ್ತಿದ್ದ ಒಂದು ಗುಂಬಜಿನ ಒಳಗಿನ ಕಾಂಕ್ರೀಟ್ ಕುಸಿಯಿತು. ಆಗಲಾದರೂ ನಿಲ್ಲುತ್ತೆ ಅಂದುಕೊಂಡವರಿದ್ದರು. ನಿಲ್ಲಲಿಲ್ಲ. ಈಗ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲ ಘಟಕ 2018ರ ಕೊನೆವರೆಗೆ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿತು. ಇನ್ನೂ ಎರಡು ದೊಡ್ಡ ಘಟಕಗಳ ಕೆಲಸ ನಡೆದಿದೆ.

ಸೋತ ಚಳವಳಿಯ ಜಾಗಕ್ಕೆ ಬಂದರೆ ಏನು ನೋಡಬೇಕು ಅಂತ ಗೊತ್ತಾಗುವುದಿಲ್ಲ. ಸಾಲ್ಕಣಿಯಲ್ಲಿ ಮರ ಇತ್ತು. ಇಲ್ಲಿ ಬ್ಯಾಲೆಟ್ ಪೇಪರ್ ಯಾವತ್ತೋ ಸುಟ್ಟು ಹೋಗಿದೆ. ನನಗನ್ನಿಸಿದ್ದು ಇಷ್ಟು: ಮರವನ್ನು ಅಪ್ಪಬಹುದು, ಸಸಿಯನ್ನು ಕೀಳಬಹುದು. ಅಣುವಿಕಿರಣವನ್ನು ಹಿಡಿಯಲು ಕೈಗೆ ಏನೂ ಸಿಗುವುದಿಲ್ಲ. ಓಟು ಕೇಳುವಾಗ ಅದನ್ನು ಜನಕ್ಕೆ ಹೇಗೆ ತೋರಿಸುವುದು?

ಸಂಜೆ ಕಾರವಾರ. ಸಮುದ್ರದಲ್ಲಿ ಕಾಲು ತೊಳೆದು ಮಲಗಿದೆ.

ಐದನೇ ದಿನ: ಹೊನ್ನಳ್ಳಿ, ಅಘನಾಶಿನಿ

ಅಂಕೋಲಾದಿಂದ ಒಳಗೆ ಹೊನ್ನಳ್ಳಿ, ತುಳಸಿ ಗೌಡರ ಊರು. ಅವರು ತೀರಿಕೊಂಡಿದ್ದು 2024ರ ಡಿಸೆಂಬರ್ 16ರಂದು, ಇನ್ನೇನು ವರ್ಷ ತುಂಬುವುದರಲ್ಲಿತ್ತು. ಮನೆಯವರಿಗೆ ತೊಂದರೆ ಕೊಡಲು ಇಷ್ಟವಾಗಲಿಲ್ಲ. ಆ ದಾರಿಯ ಒಂದು ಅರಣ್ಯ ಇಲಾಖೆ ನರ್ಸರಿಯಲ್ಲಿ ಬೈಕು ನಿಲ್ಲಿಸಿದೆ.

ನಾಲ್ಕೈದು ಹಾಲಕ್ಕಿ ಸಮುದಾಯದ ಹೆಂಗಸರು ಕಪ್ಪು ಪ್ಲಾಸ್ಟಿಕ್ ಕೊಟ್ಟೆಗೆ ಮಣ್ಣು ತುಂಬುತ್ತಿದ್ದರು. ಒಂದು ಹಿಡಿ ಮಣ್ಣು, ಕೆಳಕ್ಕೆ ಎರಡು ಸಲ ಕುಟ್ಟು, ಮತ್ತೊಂದು ಹಿಡಿ. ತಳ ಗಟ್ಟಿ ಆಗದಿದ್ದರೆ ಕೊಟ್ಟೆ ವಾಲುತ್ತದೆ, ತೀರಾ ಗಟ್ಟಿ ಆದರೆ ಬೇರು ಇಳಿಯುವುದಿಲ್ಲ. ಅಲ್ಲೇ ಒಂದು ಕಡೆ ಸಾಗುವಾನಿ ಬೀಜ ಹರಡಿತ್ತು. ಅದನ್ನು ನೆನೆಸಬೇಕು, ಬಿಸಿಲಿಗೆ ಒಣಗಿಸಬೇಕು, ಮತ್ತೆ ನೆನೆಸಬೇಕು. ‘ಹಾಂಗೆ ಮಾಡದಿದ್ರೆ ಏಳೂದಿಲ್ಲ. ಸೋಂಬೇರಿ ಬೀಜ’ ಅಂದರು ಒಬ್ಬರು.

ತುಳಸಿ ಗೌಡರು ಇದೇ ಕೆಲಸ ಮಾಡಿದವರು. ಅಕ್ಷರ ಗೊತ್ತಿರಲಿಲ್ಲ. ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿ, ಆಮೇಲೆ ನೌಕರಿ ಕಾಯಂ. ಯಾವ ಮರದ ಬೀಜ ಯಾವಾಗ ಆರಿಸಬೇಕು, ಯಾವ ತಾಯಿಮರದ್ದು ಒಳ್ಳೇದು ಅಂತ ಅವರಿಗೆ ಗೊತ್ತಿತ್ತು. 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಗೊಂಡರು.

ನನಗೆ ಕಸಿವಿಸಿ ಆಗಿದ್ದು ಇಲ್ಲೇ. ಶಿರಸಿ ಸೀಮೆಯ ಯುವಕರು ಆವತ್ತು ಎದುರಿಸಿದ್ದು ಇದೇ ಇಲಾಖೆಯನ್ನು. ನೈಜ ಕಾಡು ತೆಗೆದು ಸಾಗುವಾನಿ ನೆಡುವುದನ್ನೂ ಅವರು ವಿರೋಧಿಸಿದ್ದರು. ಆ ಸಾಗುವಾನಿಯ ಸೋಂಬೇರಿ ಬೀಜವನ್ನು ಎಬ್ಬಿಸಿದ್ದು ಈ ಕೈಗಳೇ. ಮಣ್ಣು ತುಂಬುವ ಈ ಹೆಂಗಸರು ಚಳವಳಿಯ ಒಳಗೋ ಹೊರಗೋ? ನನ್ನ ಡಬ್ಬಿಯ ಮುಚ್ಚಳ ಪೂರ್ತಿ ಕಿತ್ತು ಬಂದಿದ್ದು ಆಗ.

ಕುಮಟಾ ದಾಟಿ, ಕಾಗಾಲ ಮೇಲೆ ಅಘನಾಶಿನಿ ಊರಿಗೆ ಬಂದಾಗ ಮಧ್ಯಾಹ್ನ. ಬಳಚು ಅನ್ನುವ ಚಿಪ್ಪುಜೀವಿ ಆರಿಸುವುದನ್ನು ನೋಡಬೇಕು ಅಂತ ಬಂದಿದ್ದೆ, ಆದರೆ ಭರತ ಏರಿತ್ತು. ‘ನೀರಿಳೀಬೇಕು, ಕೂತ್ಕೊ’ ಅಂದರು ದಕ್ಕೆಯಲ್ಲಿದ್ದ ಅಜ್ಜ. ಕೂತೆ. ಎದುರು ದಂಡೆಯಲ್ಲಿ ತದಡಿ. ಅಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದಿತ್ತು. ಮೀನುಗಾರರು, ರೈತರು ವಿರೋಧಿಸಿದರು, ವಿಜ್ಞಾನಿಗಳು ಈ ಅಳಿವೆಯ ಚಿಪ್ಪು, ಮೀನು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಲೆಕ್ಕ ಮುಂದಿಟ್ಟರು. ಸ್ಥಾವರ ಬರಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಅಜ್ಜನಿಗೆ ರಾಮ್ಸಾರ್ ಅನ್ನುವುದು ಯಾರೋ ರಾಮ್ ಸಾರ್, ದೊಡ್ಡ ಆಫೀಸರ್. ತಿದ್ದಲು ಹೋಗಲಿಲ್ಲ. ಗಜನಿ ಗದ್ದೆಯ ಕಗ್ಗ ಭತ್ತದ ಬಗ್ಗೆ ಮಾತ್ರ ಅವರು ಅರ್ಧ ಗಂಟೆ ಹೇಳಿದರು. ಉಪ್ಪುನೀರು ನುಗ್ಗಿದರೂ ಸಾಯದ ಭತ್ತ ಅದು.

ನಾಲ್ಕು ಗಂಟೆ ಹೊತ್ತಿಗೆ ನೀರು ಇಳಿಯಿತು. ನದಿಯ ನಡುವೆ ಮರಳಿನ ಬೆನ್ನು ಎದ್ದಿತು. ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಇಳಿದರು. ನಾನೂ ಪ್ಯಾಂಟು ಮಡಚಿ ಹಿಂದೆ ಹೋದೆ. ಅವರು ಕಾಲಿನಿಂದ ಹುಡುಕುತ್ತಾರೆ. ಪಾದ ಮರಳಿನಲ್ಲಿ ತಿರುಗಿಸುತ್ತಾರೆ, ತಟ್ಟನೆ ಬಗ್ಗಿ ಕೈ ಹಾಕುತ್ತಾರೆ, ಬಳಚು ಹೊರಗೆ. ನಾನು ಹತ್ತು ನಿಮಿಷ ಪಾದ ತಿರುಗಿಸಿದ್ದಕ್ಕೆ ಎರಡು ಸಿಕ್ಕವು.

‘ಸಿಹಿನೀರು ಬರಬೇಕು, ಉಪ್ಪುನೀರೂ ಬರಬೇಕು. ಒಂದು ಕಮ್ಮಿ ಆದ್ರೂ ಇದು ಬದುಕೂದಿಲ್ಲ’ ಅಂದರು ಪಕ್ಕದಲ್ಲಿದ್ದವರು, ಬಗ್ಗಿದವರು ಬಗ್ಗಿಯೇ.

ಅಷ್ಟರಲ್ಲಿ ಫೋನು. ಮಾಗೋಡಿನ ಫೋಟೋ ಮಾವನಿಗೆ ಆಗ ತಲುಪಿತ್ತಂತೆ.

‘ಇಷ್ಟಽ ಏನು ನೀರು?’

‘ಈಗ ಇಷ್ಟೇ, ಮಾವ. ಮಳೆಗಾಲದಲ್ಲಿ ಜಾಸ್ತಿ.’ ಆಮೇಲೆ ಯಜಮಾನರ ಕೆರೆಯ ಪ್ರಶ್ನೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೈನ್ ಕಟ್ ಆಯಿತೇನೋ ಅಂದುಕೊಂಡೆ.

‘ನಮ್ಮೂರ ಕೆರಿಯಾಗ ಈಗ ಬಸ್‌ಸ್ಟ್ಯಾಂಡ್ ಐತಿ’ ಅಂದರು. ‘ಆದರೂ ನೀರು ಬೇಕಲ್ಲಪಾ.’

ಸಮುದ್ರಕ್ಕೆ ಹೋಗುವ ನೀರಿನಲ್ಲಿ ಏನು ಬದುಕುತ್ತೆ ಅಂತ ಹೇಳಲು ಹೋದೆ. ಬಳಚು ಅಂದರೆ ಅವರಿಗೆ ಗೊತ್ತಾಗಲಿಲ್ಲ. ಚಿಪ್ಪು, ಕಾಲಲ್ಲಿ ಹುಡುಕುತ್ತಾರೆ, ಅಂತೆಲ್ಲ ವಿವರಿಸಿದೆ.

‘ನಾಲ್ಕು ತಗೊಂಡ ಬಾ.’

‘ನೀವು ತಿನ್ನಲ್ಲವಲ್ಲ ಮಾವ?’

‘ತಿನ್ನಾಕಲ್ಲೋ, ನೋಡಾಕ.’

ನನ್ನ ಹತ್ತಿರ ಎರಡೇ ಇದ್ದವು. ಪಕ್ಕದವರು ಚೀಲಕ್ಕೆ ಕೈ ಹಾಕಿ ಇನ್ನೆರಡು ಕೊಟ್ಟರು. ಜೇಬಿಗೆ ಹಾಕಿಕೊಂಡೆ. ಕುಮಟಾ ತಲುಪುವಷ್ಟರಲ್ಲಿ ಪ್ಯಾಂಟಿನ ಬಲಗಡೆ ಪೂರ್ತಿ ಒದ್ದೆ.